ತಪ್ಪತ್ತೆ ಚುಕ್ಕಾಣಿ ಹಿಡಿದದ್ದು

ನಮ್ಮ ಬೀದಿಯಲ್ಲಿ ನನ್ನ ಸೋದರತ್ತೆಯನ್ನು ಎಲ್ಲರೂ ‘ತಪ್ಪತ್ತೆ’ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅವಳ ತಮ್ಮ, ಅಂದರೆ ನನ್ನ ಅಪ್ಪ. ತಪ್ಪು ಪತ್ತೆ ಮಾಡುವ ಅತ್ತೆ ಎಂಬುದು ಬಾಯಿಂದ ಬಾಯಿಗೆ ಉರುಳಿ ಸವೆದು ಅಷ್ಟಾಗಿತ್ತು. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಆ ಸಂಧಿ ಮಾತ್ರ ಯಾವ ವ್ಯಾಕರಣದಲ್ಲೂ ಇಲ್ಲ ಎನ್ನುವುದೊಂದೇ ತಕರಾರು.

ಅತ್ತೆ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಶಾಲೆಯ ಪುಸ್ತಕ, ಔಷಧದ ಬಾಟಲಿಗೆ ಅಂಟಿಸುವ ಚೀಟಿ, ಬಸ್ಸಿನ ವೇಳಾಪಟ್ಟಿ, ಎಲ್ಲವೂ ಅವಳ ಕಣ್ಣು ದಾಟಿಯೇ ಊರು ಸೇರಬೇಕಿತ್ತು. ಅವಳ ಕೋಣೆ ಅಚ್ಚುಕೂಟದ ಹಿಂಭಾಗದಲ್ಲಿ, ಕಾಗದದ ಸುರುಳಿಗಳನ್ನು ಪೇರಿಸಿಟ್ಟ ಓಣಿಯ ಕೊನೆಗಿತ್ತು. ಯಂತ್ರ ಓಡುವಾಗ ಅಲ್ಲಿನ ನೆಲ ಸಣ್ಣಗೆ ನಡುಗುತ್ತಿತ್ತು. ಮೇಜಿನ ಮೇಲಿನ ಚಹಾ ಲೋಟದೊಳಗೇ ಉಂಗುರ ಉಂಗುರವಾಗಿ ಕಂಪಿಸುತ್ತಿತ್ತು. ಅವಳು ಸಾಲಿನ ಕೆಳಗೆ ಸ್ಟೀಲಿನ ಪಟ್ಟಿ ಇಟ್ಟು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರವನ್ನು ಅನುಮಾನದಿಂದ ನೋಡುತ್ತಾ ಕೂರುತ್ತಿದ್ದಳು.

ಆ ಅನುಮಾನ ಕೆಲಸ ಮುಗಿದ ಮೇಲೂ ಅವಳ ಬೆನ್ನು ಬಿಡುತ್ತಿರಲಿಲ್ಲ. ನಮ್ಮದು ಬ್ರೆಡ್ಡು ಬನ್ನಿನ ಅಂಗಡಿ. ಕೆಳಗೆ ಒಲೆ ಮತ್ತು ಅಂಗಡಿ, ನಡುವಿನ ಮಹಡಿಯಲ್ಲಿ ನಾವು, ಎಲ್ಲಕ್ಕಿಂತ ಮೇಲಿನ ಕೋಣೆಯಲ್ಲಿ ಅತ್ತೆ. ಒಂದು ಸಲ ಅಪ್ಪ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ತಾಜಾ ಬೆಡ್ ಸಿಗುತ್ತದೆ’ ಎಂದು ಬರೆದಿದ್ದ. ಅತ್ತೆ ಅಚ್ಚುಕೂಟಕ್ಕೆ ಹೊರಟವಳು ನಿಂತು, ಹಾಸಿಗೆ ವ್ಯಾಪಾರ ಯಾವಾಗ ಶುರು ಮಾಡಿದೆ ಎಂದು ಕೇಳಿ, ತಾನೇ ಒತ್ತಕ್ಷರ ಸೇರಿಸಿ, ಕೈ ಒರೆಸಿಕೊಂಡು ಹೋದಳು. ಗಲ್ಲಾದಲ್ಲಿ ಕೂತ ಅಮ್ಮ ಮಧ್ಯಾಹ್ನದವರೆಗೂ ಬಂದವರಿಗೆಲ್ಲ ಅದನ್ನು ಹೇಳಿ ನಗುತ್ತಿದ್ದಳು.

ಕೆಲಸ ಬಿಡುವ ವಯಸ್ಸಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅತ್ತೆಗೆ ಸಾಲುಗಳ ನಡುವೆ ತೂತು ಕಾಣಿಸತೊಡಗಿತು. ಮೊದಲು ಅಚ್ಚಿನ ದೋಷ ಎಂದುಕೊಂಡಳು. ಆಮೇಲೆ ಕನ್ನಡಕದ ದೋಷ. ಕೊನೆಗೆ ಕಣ್ಣಿನ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: ಕಣ್ಣೊಳಗಿನ ಪರದೆಯ ನಡುಭಾಗ ಸವೆಯುತ್ತಿದೆ, ಅಂಚು ಉಳಿಯುತ್ತದೆ. ಎದುರು ನಿಂತವರ ಮುಖ ಕಾಣದು, ಬಾಗಿಲ ಪಕ್ಕದ ಬೆಳಕು ಕಾಣುತ್ತದೆ. ಓದು ಮುಗಿದಂತೆಯೇ.

ಅತ್ತೆ ಅಳಲಿಲ್ಲ. ತನ್ನ ಸ್ಟೀಲಿನ ಪಟ್ಟಿಯನ್ನು ಜೊತೆಯವಳಿಗೆ ಕೊಟ್ಟು, ಅಚ್ಚುಕೂಟದಿಂದ ನಡೆದು ಬಂದು, ಮಹಡಿ ಹತ್ತಿ ಕೋಣೆ ಸೇರಿದಳು. ಅಲ್ಲಿಂದ ಮುಂದೆ ಊಟಕ್ಕೆ ಕರೆದರೆ ಇಳಿಯುವಳು, ಉಂಡು ಹತ್ತುವಳು. ಮಾತಾಡಿಸಿದರೆ ಹೂಂ, ಉಹೂಂ. ಕೋಣೆಯಲ್ಲಿ ಏನು ಮಾಡುತ್ತಾಳೋ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ನಾನು ಒಗೆದ ಬಟ್ಟೆ ಇಡಲು ಹೋದಾಗ ಅವಳು ಮಂಚದ ಮೇಲೆ ಅಂಗಾತ ಮಲಗಿ, ಖಾಲಿ ಸೂರನ್ನು ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ನಾನು ಬಂದದ್ದು ತಿಳಿದ ಕೂಡಲೇ ಗೋಡೆ ಕಡೆ ಹೊರಳಿಬಿಟ್ಟಳು.

ಅಪ್ಪನಿಗೆ ಒಂದು ಹಾಯಿದೋಣಿ ಇತ್ತು. ಊರಿಗೆ ಅಂಟಿಕೊಂಡೇ ದೊಡ್ಡ ಕೆರೆ. ಆಚೆ ದಡ ಮಂಜಿನ ದಿನ ಕಾಣುವುದೇ ಇಲ್ಲ, ಅಷ್ಟು ದೊಡ್ಡದು. ರಾತ್ರಿಯೆಲ್ಲ ಒಲೆಯ ಮುಂದೆ ಬೇಯುವ ಮನುಷ್ಯನಿಗೆ ನೀರಿನ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದು ಅವನಿಗೆ ಸುಲಭವಾಗಿ ಒಲಿಯಲಿಲ್ಲ. ದೋಣಿ ಕೊಂಡ ಹೊಸದರಲ್ಲಿ, ಬೆಳಗಿನ ಬ್ರೆಡ್ಡು ಒಲೆಯಿಂದ ಇಳಿಸಿದವನೇ ನೇರ ಕೆರೆಗೆ ಹೋಗಿ, ಹಾಯಿ ಏರಿಸಿ, ಅಲೆಯ ತೂಗಾಟಕ್ಕೆ ಕೂತಲ್ಲೇ ನಿದ್ದೆ ಹೋದ. ಎಚ್ಚರವಾದಾಗ ದೋಣಿ ಜೊಂಡಿನೊಳಗೆ ಮೂಗು ತೂರಿಸಿ ನಿಂತಿತ್ತು; ನೀರುಕೋಳಿಗಳು ಇವನ ಸುತ್ತ ಓಡಾಡಿಕೊಂಡಿದ್ದವು.

ದೋಣಿಮನೆ ನೋಡಿಕೊಳ್ಳುವ ಹೆಂಗಸು ಮೋಟಾರು ದೋಣಿ ತಂದು ಅವನನ್ನು ಎಳೆದುಕೊಂಡು ಬಂದಳು. ಅವಳು ಮೊದಲು ಈಜು ಕಲಿಸುತ್ತಿದ್ದವಳು, ಹಾಗಾಗಿ ಎಲ್ಲರಿಗೂ ಟೀಚರ್. ಬೈಯಲಿಲ್ಲ. ಅವನ ದೋಣಿಯ ಚುಕ್ಕಾಣಿ ಬಿಚ್ಚಿ ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ಸರಿಯಾಗಿ ಕಲಿತ ಮೇಲೆ ಕೊಡುತ್ತೇನೆ, ನಿದ್ದೆಗೆಟ್ಟವನೂ ಕುಡಿದವನೂ ನೀರಿನ ಮೇಲೆ ಒಂದೇ, ಎಂದಳಂತೆ. ಅಪ್ಪ ಒಂದು ಇಡೀ ಬೇಸಿಗೆ ಅವಳ ಕೈಕೆಳಗೆ ಕಲಿತ. ಅಲ್ಲಿಂದಾಚೆ ಕ್ರಮವೇ ಬೇರೆಯಾಯಿತು. ಮೊದಲು ಮಧ್ಯಾಹ್ನದವರೆಗೆ ನಿದ್ದೆ, ಎದ್ದು ಆಕಾಶ ನೋಡುವುದು, ಎಲ್ಲಿಗೆ ಹೋಗಿ ಯಾವಾಗ ಬರುತ್ತೇನೆಂದು ಟೀಚರಿಗೆ ಹೇಳುವುದು, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವುದು, ಆಮೇಲೆ ದೋಣಿಗೆ ಕಾಲಿಡುವುದು.

ಅಪ್ಪ ಅತ್ತೆಯನ್ನು ಕೆರೆಗೆ ಕರೆದು ಕರೆದು ಸೋತಿದ್ದ. ಒಂದು ದಿನ ಊಟಕ್ಕೆ ಕೂತಾಗ ಸುಮ್ಮನೆ ಮಾತಿಗೆ, ದೋಣಿಕಟ್ಟೆಯಲ್ಲಿ ಹೊಸ ಬೋರ್ಡು ಹಾಕಿದ್ದಾರೆ, ಮದ್ಯ ಕುಡಿದು ದೋಣಿ ನಡೆಸಬಾರದು ಅಂತ ಬರೆದಿದ್ದಾರೆ ಎಂದ.

ಅತ್ತೆಯ ತುತ್ತು ಬಾಯಿಯ ಹತ್ತಿರ ನಿಂತಿತು. “ಮದ್ಯದಲ್ಲಿ ದ ಹೇಗಿದೆ? ಕೆಳಗೆ ಸೀಳಿದೆಯೋ ಇಲ್ಲವೋ?”

ಅಪ್ಪನಿಗೆ ನೆನಪಿರಲಿಲ್ಲ. ಮಾರನೆಯ ದಿನ ನೋಡಿಕೊಂಡು ಬಂದು, ಸೀಳಿದೆ ಎಂದ.

“ಹಾಗಾದ್ರೆ ಅದು ಮಧ್ಯ,” ಎಂದಳು ಅತ್ತೆ. “ಮಧ್ಯ ಕುಡಿದುಬಿಟ್ಟರೆ ಉಳಿಯೋದು ಬರೀ ಆದಿ, ಅಂತ್ಯ.” ಆಮೇಲೆ, “ನನ್ನ ಕಣ್ಣೂ ಅದನ್ನೇ ಕುಡಿದು ಕೂತಿದೆ ಕಣೋ,” ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. ಅಪ್ಪ ಅದೇ ನಗುವಿನ ತುದಿ ಹಿಡಿದು, ಬಾ ಅಕ್ಕ, ಟೀಚರಿಗೆ ನೀನೇ ಹೇಳು, ನಾನು ಹೇಳಿದರೆ ನಂಬುವುದಿಲ್ಲ ಎಂದು ಅವಳನ್ನು ಮಹಡಿಯಿಂದ ಇಳಿಸಿಕೊಂಡು ಹೋದ.

ಟೀಚರ್ ಬೋರ್ಡಿನ ವಿಷಯ ಕೇಳಿ, ಪೇಂಟರಿಗೆ ಹೇಳುತ್ತೇನೆ ಎಂದು ಒಪ್ಪಿಕೊಂಡು, ಹಾಗೇ ಮಾತಾಡುತ್ತಾ ಅತ್ತೆಗೆ ಜಾಕೆಟ್ಟು ತೊಡಿಸಿ ಪಟ್ಟಿ ಬಿಗಿದುಬಿಟ್ಟಿದ್ದಳು. ಇದು ಯಾಕೆ ಎಂದು ಅತ್ತೆ ಕೇಳುವಷ್ಟರಲ್ಲಿ ದೋಣಿಯಲ್ಲಿದ್ದಳು.

ಆ ಮೊದಲ ಸಂಜೆಯ ವಿಷಯ ಅಪ್ಪ ನನಗೆ ಎಷ್ಟೋ ಸಲ ಹೇಳಿದ್ದಾನೆ. ಗಾಳಿ ಮೆಲ್ಲಗಿತ್ತು. ದೋಣಿ ಕಟ್ಟೆ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಊರಿನ ಸದ್ದೆಲ್ಲ ಯಾರೋ ಕಂಬಳಿ ಹೊದಿಸಿದ ಹಾಗೆ ಅಡಗಿತು. ಅತ್ತೆ ಎರಡೂ ಕೈಯಲ್ಲಿ ಅಂಚು ಹಿಡಿದು ಕಲ್ಲಿನಂತೆ ಕೂತಿದ್ದಳು. ಅಪ್ಪ ದೋಣಿ ತಿರುಗಿಸಿದಾಗ, “ಗಾಳಿ ಎಡಗಿವಿಯಿಂದ ಬಲಗಿವಿಗೆ ಹೋಯ್ತು,” ಎಂದಳು. ಇನ್ನೊಮ್ಮೆ ತಿರುಗಿಸಿದ. ಈಗ ಎರಡೂ ಕೆನ್ನೆಗೆ ಸಮ ಬರುತ್ತಿದೆ, ದೋಣಿ ನಿಂತಿತಲ್ಲವೇ, ಎಂದಳು. ನಿಜವಾಗಿಯೂ ದೋಣಿ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಹಾಯಿ ಒಣಗಿಸಿದ ಬಟ್ಟೆಯ ಹಾಗೆ ಪಟಪಟ ಬಡಿಯುತ್ತಿತ್ತು. ಅಪ್ಪ ಅವಳ ಕೈ ಹಿಡಿದು ಚುಕ್ಕಾಣಿಯ ಕೋಲಿನ ಮೇಲಿಟ್ಟ. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂದ. ಅದೇನು ತಲೆಕೆಳಗು ಎಂದು ಗೊಣಗಿ, ತಳ್ಳಿ ನೋಡಿದಳು. ಹಾಯಿ ತುಂಬಿತು, ದೋಣಿ ಒಂದು ಉಸಿರು ಎಳೆದುಕೊಂಡ ಹಾಗೆ ಮುಂದೆ ಸರಿಯಿತು, ಅಡಿಯಲ್ಲಿ ನೀರು ಗುಳುಗುಳು ಮಾತಾಡತೊಡಗಿತು.

ಅಲ್ಲಿಂದ ಅವರಿಬ್ಬರೂ ಮಧ್ಯಾಹ್ನ ಕಳೆದು ಹೋಗುವುದು, ಕತ್ತಲಾಗುವ ಮುಂಚೆ ಬರುವುದು ರೂಢಿಯಾಯಿತು. ಒಂದು ದಿನ ಗಾಳಿ ಪೂರ್ತಿ ಬಿದ್ದುಹೋಗಿ, ಕೆರೆ ಹಾಲಿನ ಹಾಗೆ ನಿಂತಿತ್ತಂತೆ. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅನ್ನುವುದು ಅಪ್ಪನ ಕಣ್ಣಿಗೇ ತಿಳಿಯುತ್ತಿರಲಿಲ್ಲ. ಅತ್ತೆ ನೀರಿನ ಕಡೆ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಏನಕ್ಕ, ಎಂದ ಅಪ್ಪ.

“ನಿನಗೆ ಹೇಳ್ತೀನಿ, ಮನೇಲಿ ಹೇಳಬೇಡ,” ಎಂದಳು. “ನನಗೆ ಅಕ್ಷರ ಕಾಣ್ತವೆ. ಸೂರಿನ ಮೇಲೆ, ಗೋಡೆ ಮೇಲೆ. ಈಗ ಈ ನೀರಿನ ಮೇಲೆಲ್ಲ ಸಾಲು ಸಾಲು ಹರಡಿದೆ. ಓದೋಕೆ ಹೋದರೆ ಒಂದಕ್ಕೂ ಅರ್ಥವಿಲ್ಲ. ಕಣ್ಣು ಹೋಯ್ತು ಸರಿ, ತಲೆಯೂ ಹೋಯ್ತಾ ಅಂತ ಭಯ ಕಣೋ.”

ಅದನ್ನೇ ಅವಳು ಅಷ್ಟು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು ಬಚ್ಚಿಟ್ಟಿದ್ದಳು. ಅಪ್ಪ ಅವಸರ ಮಾಡಲಿಲ್ಲ. ಎಂಥ ಅಕ್ಷರ, ದಪ್ಪವೋ ಸಣ್ಣವೋ ಎಂದು ಕೇಳಿದ. ಸಣ್ಣವು, ಔಷಧದ ಚೀಟಿಯ ಮೇಲಿರುವಂಥವು, ಆದರೆ ಬಂಗಾರದ ಬಣ್ಣ, ಎಂದಳು. ನೋಡೋಕೆ ಚೆನ್ನಾಗಿವೆಯಾ ಎಂದ. ಅವಳು ಯೋಚಿಸಿ, ಚೆನ್ನಾಗಿವೆ, ಎಂದಳು. ಹಾಗಾದರೆ ತಿದ್ದೋಕೆ ಹೋಗಬೇಡ, ಸುಮ್ಮನೆ ನೋಡು, ಎಂದ ಅಪ್ಪ. ಇಬ್ಬರೂ ಗಾಳಿ ಏಳುವ ತನಕ ಹಾಗೇ ಕೂತಿದ್ದರು. ಒಬ್ಬನಿಗೆ ಬರೀ ನೀರು, ಒಬ್ಬಳಿಗೆ ಕಣ್ಣು ಹರಿದಷ್ಟೂ ಬಂಗಾರದ ಬರಹ.

ಮರುದಿನ ಅಪ್ಪನೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಇದು ಹುಚ್ಚಲ್ಲ, ಎಷ್ಟೋ ಜನಕ್ಕೆ ಆಗುತ್ತದೆ, ಕಣ್ಣು ನೋಟ ಕಳಿಸುವುದನ್ನು ನಿಲ್ಲಿಸಿದರೆ ಮೆದುಳು ತಾನೇ ಚಿತ್ರ ಬರೆದುಕೊಳ್ಳುತ್ತದೆ, ಎಂದರು ಅವರು. ಅತ್ತೆ ಬರುವ ದಾರಿಯಲ್ಲಿ, ಮೆದುಳು ಬರೆಯುವುದಾದರೆ ಸ್ವಲ್ಪ ಅರ್ಥವಾಗುವ ಹಾಗೆ ಬರೆಯಬಾರದೇ ಎಂದಳಂತೆ. ಆ ರಾತ್ರಿ ಅವಳ ಕೋಣೆಯ ಬಾಗಿಲು ತೆರೆದೇ ಇತ್ತು.

ಟೀಚರ್ ಅವಳಿಗೆ ಕನಿಕರ ತೋರಿಸಲಿಲ್ಲ, ಅದೇ ಅವಳಿಗೆ ಹಿಡಿಸಿತು. ಕಣ್ಣು ಕಾಣುವವರೊಬ್ಬರು ಜೊತೆಗಿದ್ದು, ಬೇರೆ ದೋಣಿ, ತೇಲುವ ದಿಮ್ಮಿ, ದಡ, ಎಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು. ಆಗ ಚುಕ್ಕಾಣಿ ಅತ್ತೆಯದು ಎಂದು ನಿಯಮ ಮಾಡಿದಳು. ಬೇಸಿಗೆಯಲ್ಲಿ ದಡದ ಹತ್ತಿರವೇ ಬೇಕೆಂದೇ ದೋಣಿ ಮಗುಚಿ, ಅತ್ತೆಯನ್ನು ನೀರಿಗೆ ಕೆಡವಿದಳು. ಮೊದಲ ಸಲ ಅತ್ತೆ ಕೆಮ್ಮಿ, ಉಗಿದು, ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಮನೆಗೆ ಬಂದಳು. ಮಾರನೆಯ ದಿನ ತಾನೇ ಟವೆಲ್ಲು ಮಡಚಿಟ್ಟುಕೊಂಡು ಅಪ್ಪ ಏಳುವುದನ್ನೇ ಕಾಯುತ್ತಿದ್ದಳು. ಮಗುಚಿದ ದೋಣಿಯ ಅಂಚನ್ನು ಕೈಯಲ್ಲಿ ತಡವುತ್ತಾ ಸುತ್ತು ಬರುವುದು, ಹಾಯಿಯ ಹಗ್ಗ ಸಡಿಲ ಮಾಡುವುದು, ದೋಣಿಯ ಹೊಟ್ಟೆಯಿಂದ ಚಾಚಿದ ಹಲಗೆಯ ಮೇಲೆ ಹತ್ತಿ ಮೈಭಾರ ಹಾಕಿ ಎತ್ತುವುದು, ಎಲ್ಲ ಕೈಗೆ ಬಾಯಿಪಾಠವಾಗುವವರೆಗೆ ಮಾಡಿದಳು.

ಆ ಕಲಿಕೆ ಬೇಕಾದದ್ದು ನನ್ನ ಜೊತೆ ಹೋದ ದಿನ. ನಾನು ಆಗ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದ್ದೆ. ರಜೆಯ ದಿನಗಳಲ್ಲಿ ಅಪ್ಪನ ಬದಲು ನಾನು ಅತ್ತೆಯ ಕಣ್ಣಾಗಿ ಹೋಗುತ್ತಿದ್ದೆ. ಅವತ್ತು ಗಾಳಿ ಹದವಾಗಿತ್ತು. ಬಲಕ್ಕೆ ಜೊಂಡು, ಮುಂದೆ ಖಾಲಿ ನೀರು ಎಂದು ನಾನು ಹೇಳುತ್ತಾ ಹೋದೆ, ಅವಳು ತಲೆ ಸ್ವಲ್ಪ ಓರೆ ಮಾಡಿಕೊಂಡು, ದೂರದಲ್ಲಿ ಯಾರೋ ಹೇಳುತ್ತಿರುವ ಕಥೆ ಕೇಳುವವಳ ಹಾಗೆ ದೋಣಿ ನಡೆಸುತ್ತಿದ್ದಳು. ದಿಬ್ಬದ ಮರೆ ದಾಟಿದ ತಕ್ಷಣ ಗಾಳಿಯ ಒಂದು ಹೊಡೆತ ಬಂತು. ಹಗ್ಗ ಬಿಟ್ಟಿದ್ದರೆ ಹಾಯಿ ಗಾಳಿ ಚೆಲ್ಲಿ ದೋಣಿ ಉಳಿಯುತ್ತಿತ್ತು. ಅತ್ತೆ ಹಗ್ಗ ಬಿಡಲಿಲ್ಲ. ದೋಣಿ ಒಂದು ಕಡೆಗೆ ಮೆಲ್ಲಗೆ, ಮಗ್ಗುಲು ಬದಲಿಸುವ ಮನುಷ್ಯನ ಹಾಗೆ, ಮಲಗಿಬಿಟ್ಟಿತು.

ನೀರಿನ ತಣ್ಣನೆಯ, ಹಸಿರು, ಸದ್ದಿಲ್ಲದ ಜಾಗದಿಂದ ಮೇಲೆ ಬಂದಾಗ ನಾನು ದೋಣಿಯಿಂದ ಆಚೆ ಇದ್ದೆ. ದಡ ಕಾಣುತ್ತಿತ್ತು. ಎಷ್ಟು ಹತ್ತಿರ ಎನಿಸಿತೆಂದರೆ, ದಂಡೆಯ ಮರದ ಎಲೆಗಳು ಒಂದೊಂದೂ ಕಾಣುತ್ತಿದ್ದವು. ಈಜಲು ಶುರು ಮಾಡಿದೆ.

“ಎಲ್ಲಿದ್ದೀಯೇ? ಮಾತಾಡು,” ಅತ್ತೆಯ ದನಿ ಬಂತು. ಇಲ್ಲೇ ಇದ್ದೀನಿ, ದಡಕ್ಕೆ ಹೋಗ್ತೀನಿ, ಎಂದೆ.

“ದಡಕ್ಕೆ ಬೇಡ. ನನ್ನ ದನಿ ಹಿಡಿದು ವಾಪಸ್ ಬಾ. ದೋಣಿ ತೇಲ್ತಾ ಇದೆ, ಅದನ್ನ ಬಿಡಬಾರದು.” ಬೆಳಗ್ಗೆ ಮಹಡಿಯಿಂದ ಟವೆಲ್ಲು ಕೇಳುವ ದನಿಯೇ. ಅದು ಗಾಬರಿಯ ದನಿಯಾಗಿದ್ದರೆ ನಾನು ಈಜಿಕೊಂಡು ಹೋಗಿಯೇ ಬಿಡುತ್ತಿದ್ದೆನೇನೋ. ತಿರುಗಿ ಬಂದೆ. ಅವಳ ಕೈ ನನ್ನ ತಲೆ, ಮುಖ, ಜಾಕೆಟ್ಟಿನ ಪಟ್ಟಿ ಎಲ್ಲವನ್ನೂ ತಡವಿ ನೋಡಿತು. ಆಮೇಲೆ ಅವಳು ದೋಣಿಯ ಅಂಚು ಹಿಡಿದು ಸುತ್ತು ಹೋಗಿ, ಹಗ್ಗ ಬಿಚ್ಚಿ, ನನಗೆ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ಹಿಡಿಯಲು ಹೇಳಿ, ಹಲಗೆಯ ಮೇಲೆ ಹತ್ತಿ ನಿಂತಳು. ದೋಣಿ ಕೊಸರಾಡಿ, ನೀರು ಸುರಿಸುತ್ತಾ ಎದ್ದಿತು. ಹೇಳಿದ ಹೊತ್ತಿಗೆ ನಾವು ಬರದೇ ಇದ್ದದ್ದರಿಂದ ಟೀಚರ್ ಮೋಟಾರು ದೋಣಿಯಲ್ಲಿ ಹುಡುಕಿಕೊಂಡು ಬಂದಳು. ನಾವು ಆಗ ದೋಣಿಯೊಳಗೆ ಕೂತು, ಬಕೆಟ್ಟಿನಲ್ಲಿ ನೀರು ಚೆಲ್ಲುತ್ತಿದ್ದೆವು. ಅತ್ತೆ ನನ್ನನ್ನು, ದಡ ಎಷ್ಟು ಹತ್ತಿರವಿತ್ತು ಎಂದು ಕೇಳಿದಳು. ಈಗ ನೋಡಿದರೆ ದಡ ಎಲ್ಲೋ ಇತ್ತು, ಮರಗಳು ಬರೀ ಒಂದು ಕಪ್ಪು ಗೆರೆ.

ಕಟ್ಟೆಗೆ ಬಂದು ಚಹಾ ಕುಡಿಯುವಾಗ ಟೀಚರ್, ಹಗ್ಗ ಯಾಕೆ ಬಿಡಲಿಲ್ಲ ಎಂದು ಕೇಳಿದಳು. ಅಪ್ಪನಾಗಿದ್ದರೆ ಗಾಳಿಯನ್ನು ಬೈಯುತ್ತಿದ್ದ. ಅತ್ತೆ ಲೋಟ ಕೆಳಗಿಟ್ಟು, “ಕಟ್ಟಿಬಿಟ್ಟಿದ್ದೆ,” ಎಂದಳು. “ಕೈ ನೋಯ್ತಿತ್ತು. ಕೈಯಲ್ಲೇ ಹಿಡಿದಿರಬೇಕು ಅಂತ ಗೊತ್ತಿದ್ದೂ ಗೂಟಕ್ಕೆ ಸುತ್ತಿದೆ. ತಪ್ಪು ನಂದೇ.” ಟೀಚರ್ ಹೂಂ ಎಂದಳು, ಅಷ್ಟೇ. ಆ ವಾರವೇ ಅತ್ತೆ ಅಪ್ಪನಿಂದ ಆ ಗೂಟವನ್ನು ಕೀಳಿಸಿ, ಕೈ ನೋಯುವ ದಿನ ಹಗ್ಗವನ್ನು ಜೊತೆಯವರಿಗೆ ಕೊಡುವುದನ್ನು ರೂಢಿಸಿಕೊಂಡಳು. ನನಗೆ ಮಾತ್ರ ತಿಂಗಳುಗಟ್ಟಲೆ ಕನಸಿನಲ್ಲಿ ಆ ಎಲೆಗಳು ಕಾಣುತ್ತಿದ್ದವು. ಒಂದೊಂದೂ ಸ್ಪಷ್ಟವಾಗಿ, ಕೈಗೆ ಸಿಗುವ ಹಾಗೆ.

ವರ್ಷಗಳು ಹೋದವು. ಅತ್ತೆಯ ಬಂಗಾರದ ಅಕ್ಷರಗಳು ಕ್ರಮೇಣ ವಿರಳವಾದವು. ಒಂದು ದಿನ, ಈಚೆಗೆ ಬರೀ ವಿರಾಮಚಿಹ್ನೆಗಳು ಬರುತ್ತಿವೆ, ಎಂದಳು. ಆಮೇಲೆ ಅವೂ ನಿಂತವು. ಅವಳಿಗೆ ಸ್ವಲ್ಪ ಬೇಜಾರಾಯಿತೇನೋ, ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ತಲೆ ಪೂರ್ತಿ ಬೆಳ್ಳಗಾದ ಮೇಲೆ ಅವಳಿಗೊಂದು ಆಸೆ ಹುಟ್ಟಿತು. ಒಂದೇ ಒಂದು ಸಲ ದೋಣಿಯಲ್ಲಿ ತಾನೊಬ್ಬಳೇ ಇರಬೇಕು. ಅಪ್ಪ ಸುತರಾಂ ಬೇಡ ಎಂದ. ಅಮ್ಮ, ನಿನಗೆ ಬಿಡುವುದಕ್ಕೆ ಭಯ ಇದ್ದರೆ ಅವಳನ್ನು ಯಾಕೆ ಕಟ್ಟಿಹಾಕುತ್ತೀಯ ಎಂದು ಗಲ್ಲಾದಿಂದಲೇ ಹೇಳಿದಳು. ಟೀಚರ್ ಬಹಳ ದಿನ ಯೋಚಿಸಿ ದಾರಿ ಕಂಡುಹಿಡಿದಳು. ಬೇರೆ ಯಾವ ದೋಣಿಯೂ ನೀರಿಗಿಳಿಯದ ಬೆಳಗಿನ ಹೊತ್ತು; ಗಾಳಿ ಹಗುರವಾಗಿರುವ ದಿನ; ಮೋಟಾರು ದೋಣಿಯಲ್ಲಿ ತಾನು ದೂರದಿಂದ ಹಿಂಬಾಲಿಸುವುದು, ಅಪಾಯವಾದರೆ ಮಾತ್ರ ಸೀಟಿ ಊದುವುದು. ದಡದ ದಿಕ್ಕು ತಿಳಿಯಲು ಕಟ್ಟೆಯ ಮೇಲೆ ಯಾರಾದರೂ ಸದ್ದು ಮಾಡುತ್ತಿರಬೇಕು. ಅಪ್ಪ ಹಿಂದಿನ ದಿನ ಒಲೆಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ಚೆನ್ನಾಗಿ ನಿದ್ದೆ ಮಾಡಿ, ಬ್ರೆಡ್ಡು ಬೇಯಿಸುವ ತಗಡಿನ ತಟ್ಟೆ ಮತ್ತು ಸೌಟು ತಂದ.

ನೀರಿನ ಮೇಲೆ ತೆಳ್ಳನೆ ಹಬೆ ಏಳುತ್ತಿತ್ತು. ಅತ್ತೆ ತನ್ನ ಜಾಕೆಟ್ಟಿನ ಪಟ್ಟಿಯನ್ನು ತಾನೇ ಬಿಗಿದು, ಹಗ್ಗ, ಚುಕ್ಕಾಣಿ, ಹಲಗೆ ಒಂದೊಂದನ್ನೂ ಮುಟ್ಟಿ ನೋಡಿ, ಹೊರಟಳು. ಅಪ್ಪ ತಟ್ಟೆ ಬಡಿಯತೊಡಗಿದ. ಬಿಳಿ ಹಾಯಿ ಬಿಳಿ ಹಬೆಯೊಳಗೆ ಕರಗುತ್ತಾ ಹೋಗಿ, ಒಂದು ಕ್ಷಣ ಕೆರೆಯ ಮೇಲೆ ಏನೂ ಇರಲಿಲ್ಲ. ಅಪ್ಪನ ಮುಖ ನೋಡಲಾಗದೆ ನಾನು ಅವನ ಕೈ ನೋಡುತ್ತಿದ್ದೆ. ಆಮೇಲೆ ಹಾಯಿ ದೂರದಲ್ಲಿ ಮತ್ತೆ ಕಾಣಿಸಿತು, ತಿರುಗಿತು, ನಮ್ಮ ಕಡೆ ಬಂತು. ನಾವು ಉಸಿರು ಬಿಟ್ಟೆವು. ಕಟ್ಟೆಗೆ ಇನ್ನೇನು ಕೂಗಳತೆ ಇದೆ ಅನ್ನುವಾಗ ದೋಣಿ ಮೆಲ್ಲಗೆ ಬೆನ್ನು ತಿರುಗಿಸಿ, ಮತ್ತೆ ಹಬೆಯೊಳಗೆ ಹೋಯಿತು.

ದಾರಿ ತಪ್ಪಿದಳು ಎಂದುಕೊಂಡ ಅಪ್ಪ ಜೋರಾಗಿ ಬಡಿದ. ಸೀಟಿ ಕೇಳಿಬರಲಿಲ್ಲ. ಟೀಚರ ದೋಣಿ ಅವಳ ಹಿಂದೆ ಸುಮ್ಮನೆ ಹೋಗುತ್ತಿತ್ತು. ಅಪ್ಪನ ಕೈ ಸೋತು, ಸೌಟನ್ನು ನಾನು ತೆಗೆದುಕೊಂಡೆ. ಹಬೆ ಕರಗಿ ಬಿಸಿಲು ಬಿದ್ದ ಮೇಲೆ ಅವಳು ಬಂದಳು. ಹಾಯಿ ಇಳಿಸಿ, ಕೈ ಚಾಚಿ, ಕಟ್ಟೆಯ ಕಂಬವನ್ನು ಹುಡುಕಿ ಹಿಡಿದಳು.

ಅಪ್ಪ ಸಿಟ್ಟಿನಲ್ಲಿ, ಸದ್ದು ಕೇಳಲಿಲ್ಲವೇ ಎಂದು ಕೇಳಿದ.

“ಚೆನ್ನಾಗಿ ಕೇಳ್ತಿತ್ತಲ್ಲೋ,” ಎಂದಳು ಅತ್ತೆ. “ನೀನು ಅಲ್ಲೇ ಇದ್ದೀಯ ಅಂತ ಗೊತ್ತಾಯ್ತಲ್ಲ, ಅದಕ್ಕೇ ಇನ್ನೊಂದು ಸುತ್ತು ಹಾಕಿದೆ.”

ಅಪ್ಪ ಹಗ್ಗ ತೆಗೆದುಕೊಂಡು ದೋಣಿ ಕಟ್ಟಿದ. ಒಬ್ಬಳೇ ಇದ್ದಾಗ ಅಲ್ಲಿ ಏನು ಮಾಡಿದೆ ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಏನೂ ಇಲ್ಲ, ಸುಮ್ಮನೆ ಇದ್ದೆ, ಎನ್ನುತ್ತಾಳೆ. ಆ ದಿನ ಮಾತ್ರ ಅವಳು ಮನೆಗೆ ಬಂದು ಎರಡು ಬನ್ನು ತಿಂದು, ಅಂಗಡಿಯ ಮೂಲೆಯ ಕುರ್ಚಿಯಲ್ಲಿ, ಗಿರಾಕಿಗಳ ಗದ್ದಲದ ನಡುವೆಯೇ, ಹಬೆಗೆ ಒದ್ದೆಯಾದ ಕೂದಲಿನಲ್ಲೇ ನಿದ್ದೆ ಹೋದಳು. ಅಮ್ಮ ಬಂದವರಿಗೆಲ್ಲ ಮೆಲ್ಲಗೆ ಮಾತಾಡಿ ಎಂದು ಸನ್ನೆ ಮಾಡುತ್ತಾ ಬ್ರೆಡ್ಡು ಕಟ್ಟಿ ಕೊಡುತ್ತಿದ್ದಳು.